ಹಳೆಯದನ್ನೇ ಮತ್ತೆ ಹಾಕುವುದು ಬೇಡ, ಮುಗಿಯುವ ಕಥೆ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು, ‘ಚಂದನ ವಾಹಿನಿಯವರು ಹಳೆಯ ಧಾರಾವಾಹಿಗಳನ್ನು ಮತ್ತೆ ಪ್ರಸಾರ ಮಾಡಲಿ, ಈಗಿನವನ್ನು ನೋಡಲಾಗುತ್ತಿಲ್ಲ’ ಎಂದು ಬರೆದಿದ್ದರು. ಮಾರನೆಯ ದಿನ ಇನ್ನೊಬ್ಬರು ‘ಆ ಕಾಲವೇ ಚೆನ್ನಾಗಿತ್ತು’ ಎಂದು ತಾಳ ಹಾಕಿದರು. ನನ್ನದು ಸ್ವಲ್ಪ ಬೇರೆ ಮಾತು. ಈ ವಿಷಯದಲ್ಲಿ ಬಾಯಿ ಹಾಕಲು ನನಗೂ ಒಂದಿಷ್ಟು ಹಕ್ಕಿದೆ ಅಂದುಕೊಂಡಿದ್ದೇನೆ. ಕುಣಿಗಲ್ಲಿನಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡೇ ಮಕ್ಕಳನ್ನು ಓದಿಸಿದವನು ನಾನು. ಊರೆಲ್ಲ ಟೀವಿಯ ಮುಂಭಾಗ ನೋಡುತ್ತಿದ್ದಾಗ ನಾನು ಅದರ ಹಿಂಭಾಗ ನೋಡುತ್ತಿದ್ದೆ.

ಆ ಕಾಲ ಚೆನ್ನಾಗಿತ್ತು ಅನ್ನುವವರಿಗೆ ಮೊದಲು ಆಂಟೆನಾ ನೆನಪಿಸಬೇಕು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ನಮ್ಮೂರು ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಅಂಚು. ಮನೆ ಮೇಲೆ ಎರಡು ಪೈಪು ಜೋಡಿಸಿ, ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಕಟ್ಟಿ, ಅದರ ಬುಡಕ್ಕೆ ಬೂಸ್ಟರ್ ಕೂರಿಸಿ, ಮೂರು ದಿಕ್ಕಿಗೆ ತಂತಿ ಎಳೆದು ಬಿಗಿದು, ಮೂತಿಯನ್ನು ಮೂಡಲಕ್ಕೆ ತಿರುಗಿಸಿದರೆ ಚಿತ್ರ ಬರುತ್ತಿತ್ತು. ಗಾಳಿಮಳೆಗೆ ಒಂದು ಗೇಣು ತಿರುಗಿತೋ, ಪರದೆ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗೆ ಚುಕ್ಕಿ. ಆಮೇಲೆ ಶುರು: ಮಾಳಿಗೆ ಮೇಲೆ ನಾನು, ಅಂಗಳದಲ್ಲಿ ಯಜಮಾನ, ಬಾಗಿಲಲ್ಲಿ ಅವರ ಮಗ, ಒಳಗೆ ಟೀವಿ ಮುಂದೆ ಮನೆಯಾಕೆ. ‘ಬಂತಾ?’ ‘ಬಂತು... ಹೋಯ್ತು... ಇನ್ನೊಂಚೂರು... ಹಾಂ, ಅಲ್ಲೇ ಇರ್ಲಿ!’ ನಾನು ಕೈ ಬಿಟ್ಟು ಇಳಿದರೆ ಮತ್ತೆ ಮಾಯ. ಹಿಡಿದುಕೊಂಡ ಮನುಷ್ಯನ ಮೈಯೂ ಆಂಟೆನಾದ ಕೆಲಸ ಮಾಡುತ್ತಿತ್ತಲ್ಲ, ಅದಕ್ಕೆ.

ಹುತ್ರಿದುರ್ಗದ ಕಡೆಯ ಹಳ್ಳಿಗಳಲ್ಲಿ ಇನ್ನೊಂದು ಕಾಟ. ಸಿಗ್ನಲ್ ನೇರವಾಗಿಯೂ ಬರುತ್ತಿತ್ತು, ಬಂಡೆಗುಡ್ಡಕ್ಕೆ ಬಡಿದು ಚೂರು ತಡವಾಗಿಯೂ ಬರುತ್ತಿತ್ತು. ಪರದೆ ಮೇಲೆ ಪ್ರತಿಯೊಬ್ಬನ ಪಕ್ಕದಲ್ಲೂ ಅವನದೇ ಮಸುಕು ಪಡಿಯಚ್ಚು. ನಮ್ಮ ಕಸುಬಿನಲ್ಲಿ ಅದನ್ನು ಘೋಸ್ಟ್ ಅನ್ನುತ್ತೇವೆ. ಹಾಗಾಗಿ ‘ಗುಡ್ಡದ ಭೂತ’ ಧಾರಾವಾಹಿ ಬರುವ ಮುಂಚೆಯೇ ನಮ್ಮಲ್ಲಿ ಗುಡ್ಡದ ಭೂತ ಇತ್ತು. ಇದರ ಮೇಲೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ, ಅಂದರೆ ‘ಅಡಚಣೆಗೆ ವಿಷಾದಿಸುತ್ತೇವೆ’ ಎನ್ನುವ ಹಿಂದಿ ಫಲಕ ಬೇರೆ. ಅದು ಬಂದಾಗಲೆಲ್ಲ ಯಾರಾದರೊಬ್ಬರು ಸೆಟ್ಟು ಕೆಟ್ಟಿತೆಂದು ಸೈಕಲ್ ತುಳಿದುಕೊಂಡು ಅಂಗಡಿಗೆ ಬರುತ್ತಿದ್ದರು. ‘ಕೆಟ್ಟಿರೋದು ದೆಹಲೀಲಿ, ನಿಮ್ಮನೇಲಲ್ಲ’ ಎಂದು ಹೇಳಿ ಹೇಳಿ ಸಾಕಾಗಿತ್ತು.

ಇಷ್ಟು ಪಡಿಪಾಟಲು ಪಟ್ಟು ನೋಡುತ್ತಿದ್ದುದೆಲ್ಲ ಚಿನ್ನವೇ? ಖಂಡಿತ ಅಲ್ಲ. ಪ್ಲಾಸ್ಟಿಕ್ ಹೂವಿನ ಕುಂಡ ನಡುವೆ ಇಟ್ಟುಕೊಂಡು ಇಬ್ಬರು ಎದುರುಬದುರು ಕೂತು ರೇಷ್ಮೆಹುಳುವಿಗೆ ಬರುವ ರೋಗದ ಬಗ್ಗೆ ಮಾತಾಡುವುದನ್ನು ರೇಷ್ಮೆ ಸಾಕದವರೂ ಕೂತು ನೋಡುತ್ತಿದ್ದರು, ಬೇರೆ ಚಾನೆಲ್ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ. ನೆನಪಿಗೆ ಈ ಸಂಜೆಗಳು ಬರುವುದಿಲ್ಲ. ನೆನಪು ಒಳ್ಳೆಯದನ್ನು ಆರಿಸಿಕೊಂಡು ಉಳಿದದ್ದನ್ನು ಗುಜರಿಗೆ ಹಾಕುತ್ತದೆ. ಅದಕ್ಕೇ ಹಳೆಯದೆಲ್ಲ ಶ್ರೇಷ್ಠ ಅನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ.

ಆದರೂ ಒಂದು ಸಂಗತಿ ಹೇಳುತ್ತೇನೆ. ರಮಾನಂದ ಸಾಗರರ ರಾಮಾಯಣ ಬರುತ್ತಿದ್ದ ಕಾಲ. ಹುಲಿಯೂರುದುರ್ಗದ ರಸ್ತೆಯ ಒಂದು ಹಳ್ಳಿಯಲ್ಲಿ, ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ರಾಮಾಯಣ ಅಂದರೆ ಒಂಬತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಪಟೇಲರ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರಿಸಿ, ಮೊಸಳೆ ಕ್ಲಿಪ್ಪು ಸಿಕ್ಕಿಸಿ, ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಪೋರ್ಟಬಲ್ ಸೆಟ್ಟಿಗೆ ಕೊಟ್ಟೆ. ಅಂಥ ಸೆಟ್ಟುಗಳು 12 ವೋಲ್ಟಿನಲ್ಲೂ ನಡೆಯುತ್ತಿದ್ದವು. ಹಜಾರದಲ್ಲಿ ಕಾಲಿಡಲು ಜಾಗವಿಲ್ಲ, ಕಿಟಕಿ ಸರಳಿಗೂ ಮಕ್ಕಳು ಜೋತುಬಿದ್ದಿದ್ದರು. ಒಬ್ಬಜ್ಜಿ ಊದುಬತ್ತಿ ಹಚ್ಚಿ ಪರದೆಗೆ ಕುಂಕುಮ ಇಡಲು ಬಂದರು. ‘ಗಾಜಿಗೆ ಬೇಡ ಕಣಜ್ಜಿ, ಮರದ ಚೌಕಟ್ಟಿಗೆ ಇಡಿ’ ಎಂದು ಬೇಡಿಕೊಂಡೆ. ಬ್ಯಾಟರಿಯಲ್ಲಿ ಪೂರ್ತಿ ಚಾರ್ಜ್ ಇರಲಿಲ್ಲ. ವೋಲ್ಟೇಜು ಇಳಿದ ಹಾಗೆ ಇಂಥ ಸೆಟ್ಟಿನಲ್ಲಿ ಚಿತ್ರ ನಾಲ್ಕೂ ಅಂಚಿನಿಂದ ಒಳಕ್ಕೆ ಕುಗ್ಗುತ್ತದೆ. ಅವತ್ತು ಲಂಕೆಯ ದರ್ಬಾರು. ರಾವಣ ನೋಡನೋಡುತ್ತ ಸಣ್ಣವನಾಗುತ್ತ ಹೋದ. ಹಿಂದಿನಿಂದ ಯಾರೋ ಅಂದರು: ‘ಪಾಪ ಹೆಚ್ಚಾಯ್ತು ನೋಡು, ಇಳೀತಾವ್ನೆ.’

ಅಲ್ಲಿ ಕೂತಿದ್ದವರಲ್ಲಿ ಹಿಂದಿ ಬಲ್ಲವರು ಯಾರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಕಥೆ ಗೊತ್ತಿತ್ತು, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದೂ ಗೊತ್ತಿತ್ತು. 1987ರ ಜನವರಿಯಲ್ಲಿ ಶುರುವಾದದ್ದು 1988ರ ಜುಲೈ 31ಕ್ಕೆ ಮುಗಿಯಿತು. ಮೊದಲು 52 ಕಂತು ಎಂದಿದ್ದುದು ಜನರ ಒತ್ತಾಯಕ್ಕೆ 78ರವರೆಗೆ ಹಿಗ್ಗಿತು. ಎಳೆಯುವ ಚಾಳಿಯ ಬೀಜ ಅಲ್ಲೂ ಇತ್ತು, ಇಲ್ಲ ಅನ್ನಲಾರೆ. ಆದರೆ ಹಿಗ್ಗಿದರೂ ಮುಗಿಯಿತು. ಆಮೇಲೆ ಬಂದ ಮಹಾಭಾರತವೂ 94 ಕಂತಿಗೆ ಮುಗಿಯಿತು. 2020ರ ಲಾಕ್‌ಡೌನಿನಲ್ಲಿ ಅದೇ ರಾಮಾಯಣವನ್ನು ಮತ್ತೆ ಹಾಕಿದಾಗ ಏಪ್ರಿಲ್ 16ರಂದು ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನವೇ ಹೇಳಿಕೊಂಡಿತು. ಕೊನೆ ಗೊತ್ತಿದ್ದ ಕಥೆಯನ್ನು ಜನ ಬೇಸರವಿಲ್ಲದೆ ಎರಡನೇ ಸಲ ನೋಡಿದರು. ಈಗಿನ ಧಾರಾವಾಹಿಯೊಂದನ್ನು ಮೊದಲಿನಿಂದ ಮತ್ತೆ ಹಾಕುತ್ತೇವೆ ಅಂದರೆ ಯಾರು ಕೂರುತ್ತಾರೆ, ನೀವೇ ಹೇಳಿ.

ನನ್ನ ಮಾತು ಇಷ್ಟೇ. ನಾವು ಹಳೆಯ ಧಾರಾವಾಹಿಗಳಿಗಾಗಿ ಹಲುಬುತ್ತಿಲ್ಲ, ಕೊನೆ ಇರುವ ಕಥೆಗಾಗಿ ಹಲುಬುತ್ತಿದ್ದೇವೆ. ಆಗ ದೂರದರ್ಶನದಲ್ಲಿ ಹದಿಮೂರರ ಲೆಕ್ಕ ಇತ್ತು. ವಾರಕ್ಕೊಂದು ಕಂತು, ಹದಿಮೂರು ವಾರ, ಅಂದರೆ ವರ್ಷದ ಕಾಲು ಭಾಗ. ಅಷ್ಟರಲ್ಲಿ ಹೇಳುವುದನ್ನು ಹೇಳಿ ಎದ್ದು ಹೋಗಬೇಕು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ 39 ಕಂತು, ಹದಿಮೂರರ ಮೂರು ಕಟ್ಟು. 1986ರಲ್ಲಿ ಅದು ಬಂದದ್ದು ಹಿಂದಿಯಲ್ಲಿ, ಮುಖಗಳೆಲ್ಲ ನಮ್ಮವೇ: ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಎಲ್. ವೈದ್ಯನಾಥನ್ ಕಟ್ಟಿದ ಆ ಶೀರ್ಷಿಕೆಯ ರಾಗ ಕೇಳಿದರೆ ನನ್ನ ಅಂಗಡಿಯ ಎದುರಿನ ಹೋಟೆಲಿನ ಸಪ್ಲೈಯರ್ ಹುಡುಗ ಲೋಟ ಕೈಯಲ್ಲಿ ಹಿಡಿದೇ ಓಡಿ ಬರುತ್ತಿದ್ದ. ಗೆಳೆಯ ರಾಜಂ ರೈಲು ಹತ್ತಿ ಊರು ಬಿಟ್ಟು ಹೋಗುತ್ತಾನೆ, ಸ್ವಾಮಿ ಪ್ಲಾಟ್‌ಫಾರಂ ಮೇಲೆ ಓಡುತ್ತಾನೆ, ಮುಗಿಯಿತು. ರಾಜಂ ವಾಪಸು ಬರಲಿಲ್ಲ, ಅವನ ಅವಳಿ ತಮ್ಮನೂ ಬರಲಿಲ್ಲ. ಆ ದೃಶ್ಯದ ನಿಲ್ದಾಣವಾಗಿದ್ದ ಅರಸಾಳಿನ ಹಳೆಯ ರೈಲು ನಿಲ್ದಾಣದ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ; ಮಗಳ ಮನೆಗೆ ಶಿವಮೊಗ್ಗಕ್ಕೆ ಹೋದಾಗ ನೋಡಿ ಬಂದೆ. ಮೀಸೆ ಬಂದಿರುವ ಮಗನಿಗೆ ಅಪ್ಪ ಒಬ್ಬರು ಅಲ್ಲಿ ನಿಂತು ಆ ರಾಗ ಹಾಡಿ ತೋರಿಸುತ್ತಿದ್ದರು. ಮಗನಿಗೆ ನಾಚಿಕೆಯೋ ನಾಚಿಕೆ.

ಇನ್ನು ‘ಗುಡ್ಡದ ಭೂತ’. 1991ರ ಧಾರಾವಾಹಿ, ಸದಾನಂದ ಸುವರ್ಣರ ನಿರ್ದೇಶನ, ಪೂರ್ತಿ ಹದಿಮೂರು ಕಂತು. ಈಗ ದೇಶಕ್ಕೆಲ್ಲ ಗೊತ್ತಿರುವ ಪ್ರಕಾಶ್ ರಾಜ್ ಆಗ ಪ್ರಕಾಶ್ ರೈ. ನಮ್ಮಂಥ ಬಯಲುಸೀಮೆಯವರು ಆ ಮುಖವನ್ನು ಗುರುತಿಟ್ಟುಕೊಂಡದ್ದೇ ಅದರಲ್ಲಿ. ಕರಾವಳಿಯ ಹಳ್ಳಿ, ಹಂಚಿನ ಮನೆ, ಗುಡ್ಡದ ಭಯ, ‘ಡೆನ್ನಾನ ಡೆನ್ನಾನ’ ಅನ್ನುವ ಹಾಡು. ತುಳು ಬಾರದ ನಮಗೂ ಮೈ ಜುಂ ಅನ್ನುತ್ತಿತ್ತು. 2015ರಲ್ಲಿ ‘ರಂಗಿತರಂಗ’ ಸಿನಿಮಾದಲ್ಲಿ ಅದೇ ಡೆನ್ನಾನ ಕೇಳಿಸಿದಾಗ ಥಿಯೇಟರಿನಲ್ಲಿ ತಲೆ ನರೆತವರೆಲ್ಲ ಪಕ್ಕದವರ ಮುಖ ನೋಡಿಕೊಂಡೆವು.

ಆ ಹದಿಮೂರು ವಾರ ನನ್ನ ಅಂಗಡಿಯಲ್ಲಿ ರಿಪೇರಿಗಿಂತ ವಾದ ಜಾಸ್ತಿ ನಡೆಯಿತು. ಭೂತವೋ ಮನುಷ್ಯನೋ, ಮನುಷ್ಯನಾದರೆ ಯಾರು? ಪಕ್ಕದ ಕ್ಷೌರದಂಗಡಿಯವರು ಒಬ್ಬನ ಮೇಲೆ, ಮೆಡಿಕಲ್ ಸ್ಟೋರಿನವರು ಇನ್ನೊಬ್ಬನ ಮೇಲೆ ಟೀ ಪಂದ್ಯ ಕಟ್ಟಿದ್ದರು. ಪ್ರೈಮರಿ ಶಾಲೆಯ ಮೇಷ್ಟ್ರೊಬ್ಬರು ದಿನಾ ಸಂಜೆ ಬಂದು, ಹಿಂದಿನ ಕಂತಿನಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾರು ಯಾರ ಕಡೆ ನೋಡಿದರು ಎಂದು ವಕೀಲರ ಹಾಗೆ ಸಾಕ್ಷಿ ಒಪ್ಪಿಸುತ್ತಿದ್ದರು. ಅರ್ಧ ಗಂಟೆಯ ಕಂತು, ವಾರಪೂರ್ತಿ ಮಾತು. ರಿಪೇರಿಗೆ ಸೆಟ್ಟು ಕೊಡುವವರು ರೇಟು ಕೇಳುವ ಮುಂಚೆ ‘ಆ ದಿನದೊಳಗೆ ಆಗುತ್ತಾ?’ ಎಂದು ಕೇಳುತ್ತಿದ್ದರು. ಒಂದು ಕಂತು ತಪ್ಪಿದರೆ ಕಥೆಯ ಹದಿಮೂರನೇ ಒಂದು ಭಾಗ ಹೋಯಿತಲ್ಲ! ಈಗ ಟೀವಿ ಕೆಟ್ಟರೆ ನಮ್ಮ ಮನೆಯಾಕೆಯೇ ಅನ್ನುತ್ತಾಳೆ: ‘ನಿಧಾನಕ್ಕೆ ಮಾಡಿ, ತಿಂಗಳು ಬಿಟ್ಟು ನೋಡಿದ್ರೂ ಅವರು ಅದೇ ಮೆಟ್ಟಿಲ ಮೇಲೆ ನಿಂತಿರ್ತಾರೆ.’

ದಿನಾ ಬರುವ ಧಾರಾವಾಹಿಯೆಂದರೆ ಕೆಟ್ಟದ್ದೇ ಎಂದು ನಾನು ಹೇಳುವುದಿಲ್ಲ. 1998ರ ‘ಮಾಯಾಮೃಗ’ ದಿನಾ ಬರುತ್ತಿತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು, ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡು, ಸಿ. ಅಶ್ವಥ್ ಸಂಗೀತ. ಅದರಲ್ಲಿ ನಮ್ಮ ಹಾಗೆ ಸಾಲದ ಚಿಂತೆ ಇರುವ ಜನ ಇದ್ದರು, ಅಡುಗೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ನಿಲ್ಲುವವರು ಇರಲಿಲ್ಲ. ಮತ್ತೆ ಈ-ಟೀವಿಯ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳೂ ವರ್ಷಗಟ್ಟಲೆ ಬಂದವು. ಅವುಗಳ ಲೆಕ್ಕ ಬೇರೆ: ಅವತ್ತಿನ ಕಥೆ ಅವತ್ತಿಗೇ ಮುಗಿಯುತ್ತಿತ್ತು. ಪಾಂಡು ಇವತ್ತು ಹೆಂಡತಿ ಕೈಲಿ ಒದೆ ತಿಂದರೆ ನಾಳೆ ಹೊಸ ಒದೆ. ‘ಪಾಪ ಪಾಂಡು’ ಧಾರಾವಾಹಿ ಮಾಡಿದ ಚಂದ್ರು ಅವರ ಹೆಸರಿನ ಮುಂದಿರುವ ‘ಸಿಹಿಕಹಿ’ ಎಂಬತ್ತರ ದಶಕದ ಒಂದು ದೂರದರ್ಶನ ಧಾರಾವಾಹಿಯದು ಎಂಬುದು ಈಗಿನ ಎಷ್ಟು ಮಕ್ಕಳಿಗೆ ಗೊತ್ತು? ಹೆಂಡತಿ ಗೀತಾ ಅವರ ಹೆಸರಿಗೂ ಅದೇ ಅಂಟಿಕೊಂಡಿತು.

ಈಗ ಮನೆಯ ವಿಷಯ. ನಮ್ಮವ್ವ ಕೊನೆಗಾಲದಲ್ಲಿ ಮಂಚ ಹಿಡಿದಿದ್ದರು. ಅವರ ಕಾಲಕ್ಷೇಪ ಅಂದರೆ ರಾತ್ರಿಯ ಒಂದು ಧಾರಾವಾಹಿ. ಹೆಸರು ಬೇಡ. ನಾಯಕಿಗೆ ಅಪಘಾತವಾಗಿ ನೆನಪು ಹೋಗಿತ್ತು, ಗಂಡ ಎದುರಿಗೇ ಇದ್ದರೂ ಗುರುತು ಸಿಗದು. ಅವ್ವನಿಗೆ ಕಣ್ಣು ಮಂಜಾಗಿತ್ತು, ಕೇಳಿಸಿಕೊಳ್ಳುತ್ತಿದ್ದರು. ಮಾತ್ರೆಯ ಮಂಪರಿನಲ್ಲಿ ನಿದ್ದೆ ಹೋಗಿ, ಬೆಳಿಗ್ಗೆ ಎದ್ದವರೇ ನನ್ನನ್ನು ಕರೆದು ಕೇಳುತ್ತಿದ್ದರು: ‘ಆ ಹೆಣ್ಮಗೀಗೆ ಗ್ಯಾಪ್ಕ ಬತ್ತೇನ್ಲಾ?’ ‘ಇನ್ನೂ ಇಲ್ಲ ಕಣವ್ವ.’ ಕಬ್ಬು ಕಡಿಯುವ ಕಾಲ ಹೋಯಿತು, ಮುಂಗಾರು ಬಂತು, ಅವಳಿಗೆ ನೆನಪು ಬರಲಿಲ್ಲ. ಒಂದು ದಿನ ಅವ್ವನಿಗೆ ಸಮಾಧಾನವಾಗಲೆಂದು ‘ಬಂತು ಕಣವ್ವ, ಗಂಡನ್ನ ಗುರುತು ಹಿಡಿದ್ಲು’ ಅಂದೆ. ನಂಬಿದರು, ಖುಷಿಪಟ್ಟರು, ರಾತ್ರಿ ಧಾರಾವಾಹಿ ನೋಡಿ ನನಗೆ ಬೈದರು. ಅವ್ವ ಹೋದ ಮೇಲೂ ಅದು ನಡೆಯಿತು. ಆಮೇಲೆ ಆ ನಟಿಯನ್ನೇ ಬದಲಾಯಿಸಿದರಂತೆ.

ಏಕೆ ಹೀಗೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗುರುವಾರ ಬಂತೆಂದರೆ ಎಷ್ಟು ಜನ ನೋಡಿದರೆಂಬ ಟಿಆರ್‌ಪಿ ಅಂಕ ಹೊರಬೀಳುತ್ತದೆ. ಅಂಕ ಇರುವವರೆಗೆ ಕಥೆಗೆ ಸಾವಿಲ್ಲ. ಗಂಟೆಗೆ ಹನ್ನೆರಡು ನಿಮಿಷ ಜಾಹೀರಾತು ಹಾಕಬಹುದು ಎಂಬುದು ಕೇಬಲ್ ಟೀವಿ ನಿಯಮ. ಆ ಹನ್ನೆರಡು ನಿಮಿಷ ತುಂಬಿಸಲು ಉಳಿದ ನಿಮಿಷಗಳಲ್ಲಿ ಏನಾದರೂ ನಡೆಯುತ್ತಿರಬೇಕು, ಏನೂ ಮುಗಿಯಬಾರದು. ಅದಕ್ಕೇ ಒಂದು ಕಪಾಳಮೋಕ್ಷವನ್ನು ಮೂರು ಸಲ, ಮೂರು ಕಡೆಯಿಂದ, ಗುಡುಗು ಸಮೇತ ತೋರಿಸುವುದು. ಇದರಿಂದ ಬೆಂಗಳೂರಿನಲ್ಲಿ ಎಷ್ಟೋ ಕಲಾವಿದರ, ತಂತ್ರಜ್ಞರ, ಲೈಟ್ ಬಾಯ್‌ಗಳ ಮನೆಯ ಒಲೆ ಉರಿಯುತ್ತಿದೆ, ಅದು ನಿಜ. ಕಸುಬಿನವನ ಅನ್ನಕ್ಕೆ ಕಲ್ಲು ಹಾಕುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಖಾಸಗಿ ಚಾನೆಲ್‌ನವರಿಗೆ ನಾನು ಬುದ್ಧಿ ಹೇಳುವುದಿಲ್ಲ, ಅವರು ವ್ಯಾಪಾರಕ್ಕೆ ಕೂತವರು.

ನಾನು ಕೇಳುವುದು ಚಂದನದವರನ್ನು. ಅದು ನಮ್ಮ ದುಡ್ಡಿನ ಚಾನೆಲ್. ‘ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ವಾರವಾರ ಯಾರು ಕಾಯುತ್ತಾರೆ’ ಎಂಬ ಉತ್ತರ ಬರುತ್ತದೆ, ಗೊತ್ತು. ನನ್ನ ಮೊಮ್ಮಗ ಮೊಬೈಲಿನಲ್ಲಿ ನೋಡುವುದೆಲ್ಲ ಏಳು, ಎಂಟು, ಹತ್ತು ಕಂತಿನ ಸರಣಿಗಳೇ. ಕನ್ನಡದಲ್ಲೂ ಈಚೆಗೆ ‘ಏಕಂ’, ‘ಅಯ್ಯನ ಮನೆ’ ಥರದವು ಬಂದಿವೆ, ಅವನೇ ತೋರಿಸಿದ. ಆದರೆ ಅದಕ್ಕೆ ಮೊಬೈಲು ಬೇಕು, ಡೇಟಾ ಬೇಕು, ಒಳಗೆ ಹೋಗುವ ದಾರಿ ಗೊತ್ತಿರಬೇಕು. ಡಿಡಿ ಫ್ರೀ ಡಿಶ್ ಹಾಕಿಸಿಕೊಂಡು ತಿಂಗಳ ಬಾಡಿಗೆಯಿಲ್ಲದೆ ಟೀವಿ ನೋಡುವ ಮನೆಗಳಿಗೆ ಏನಿದೆ? ಅಂಥ ಮನೆಗಳಿಗೆ ತಟ್ಟೆ ಕೂರಿಸಿಕೊಡಲು ಈಗಲೂ ನನ್ನನ್ನೇ ಕರೆಯುತ್ತಾರೆ. ತಟ್ಟೆ ಕೂತ ಮೇಲೆ ಮುದುಕರು ಮೊದಲು ಕೇಳುವುದು ‘ಚಂದನ ಬರ್ತದಾ?’ ಎಂದು. ಡಾ. ನಾ. ಸೋಮೇಶ್ವರ ಅವರು 2002ರಿಂದ ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದಿದ್ದಾರೆ. ಬಹುಮಾನ ಅಂತ ಕೊಡುವುದು ಪುಸ್ತಕ. ಕಾರೂ ಇಲ್ಲ, ಬಂಗಾರವೂ ಇಲ್ಲ, ಆದರೂ ನೋಡುತ್ತಾರೆ. ಆ ಚಾನೆಲ್ಲಿಗೆ ಜನ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದ್ದರಿಂದ ಹಳೆಯದನ್ನು ಹಾಕಿ ಎಂದು ಕೇಳಿದ ಓದುಗರೊಬ್ಬರ ಆಸೆಯ ಜೊತೆ ನನ್ನದೂ ಒಂದು ಸೇರಿಸಿಕೊಳ್ಳಿ. ವರ್ಷಕ್ಕೆ ನಾಲ್ಕು ಕಥೆ, ತಲಾ ಹದಿಮೂರು ವಾರ, ಭಾನುವಾರ ರಾತ್ರಿ ಊಟದ ಹೊತ್ತಿಗೆ. ಮಾಸ್ತಿ, ಬೆಸಗರಹಳ್ಳಿ ರಾಮಣ್ಣ, ವೈದೇಹಿ ಇವರೆಲ್ಲ ಬರೆದಿಟ್ಟದ್ದು ನಮ್ಮ ತಾಲ್ಲೂಕು ಗ್ರಂಥಾಲಯದ ಕಪಾಟಿನಲ್ಲೇ ಬೇಕಾದಷ್ಟಿದೆ. ಬೆಂಗಳೂರಿನ ಬಂಗಲೆ ಬಾಡಿಗೆಗೆ ಹಿಡಿಯುವ ಬದಲು ಒಂದೊಂದು ಕಥೆಯನ್ನು ಒಂದೊಂದು ಜಿಲ್ಲೆಯಲ್ಲಿ, ಆ ಜಿಲ್ಲೆಯ ರಂಗತಂಡದವರನ್ನು ಹಾಕಿಕೊಂಡು ತೆಗೆಯಲಿ. ರಾಯಚೂರಿನ ಕಥೆಯಲ್ಲಿ ರಾಯಚೂರಿನ ಮಾತೇ ಇರಲಿ, ನಮಗೆ ಅರ್ಥವಾಗುತ್ತದೆ. ಹಿಂದಿ ರಾಮಾಯಣವೇ ಅರ್ಥವಾಗಿತ್ತು. ಮೊದಲ ಕಂತಿನ ದಿನವೇ ಕೊನೆಯ ಕಂತಿನ ತಾರೀಖನ್ನು ಪರದೆ ಮೇಲೆ ಹಾಕಿಬಿಡಲಿ. ಎಷ್ಟೇ ಹೆಸರು ಬಂದರೂ ಹದಿನಾಲ್ಕನೆಯದು ಬೇಡ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಆಂಟೆನಾದ ಭಾಗ ಕತ್ತರಿಸಿ, ಗುಡ್ಡದ ಭೂತವನ್ನು ಮುಟ್ಟಬೇಡಿ. ಇದರದೇ ಒಂದು ಪ್ರತಿಯನ್ನು ಬೆಂಗಳೂರಿನ ದೂರದರ್ಶನ ಕೇಂದ್ರಕ್ಕೂ ಅಂಚೆಯಲ್ಲಿ ಹಾಕಿದ್ದೇನೆ. ಉತ್ತರ ಬಂದರೆ ನಿಮಗೂ ಬರೆಯುತ್ತೇನೆ.

ಇತಿ ನಿಮ್ಮ ಪತ್ರಿಕೆಯ ಬಹುಕಾಲದ ಓದುಗ,
ಹಳೇ ಟೀವಿ ಮೆಕ್ಯಾನಿಕ್, ಕುಣಿಗಲ್